ಪ್ರತಿ ನೆರೆಗೂ ಸೇನೆಯೇ ಬರಬೇಕೆ?

ಕಾಫಿ ಕಣ (ಮಡಿಕೇರಿ ತಾಲ್ಲೂಕು)

ಮೊನ್ನೆ ಮಳೆ ಸ್ವಲ್ಪ ಬಿರುಸಾಯಿತು. ಹೊಳೆ ಇನ್ನೂ ಗದ್ದೆಯ ಬದು ದಾಟಿರಲಿಲ್ಲ. ಅಷ್ಟರಲ್ಲೇ ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಕೂಡಲೇ ಸೇನೆಯನ್ನು ಕರೆಸಿ’ ಎಂಬ ಸಂದೇಶ ಬಂತು. ಅದರ ಹಿಂದೆಯೇ ಕೈಮುಗಿದ ಚಿತ್ರಗಳ ಸಾಲು. ಹಾಸ್ಯ ಮಾಡುತ್ತಿಲ್ಲ. 2018ರ ಆಗಸ್ಟ್ ತಿಂಗಳನ್ನು ಇಲ್ಲಿ ಕಳೆದವರಿಗೆ ಮಳೆಯ ಸದ್ದು ಬೇರೆಯೇ ಆಗಿ ಕೇಳಿಸುತ್ತದೆ. ಅಲ್ಲದೆ ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ಇದು. ಸೇನೆ ಎಂದರೆ ನಮಗೆ ನೆಂಟರ ಮನೆಯಿದ್ದಂತೆ, ಕಷ್ಟಕ್ಕೆ ಮೊದಲು ನೆನಪಾಗುವುದೇ ಅದು.

ಆ ವರ್ಷ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡದ ಬರೆಗಳು ಒಂದರ ಹಿಂದೊಂದು ಜಾರಿದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಕಿತ್ತುಹೋಯಿತು. ಮಂಜು ಕವಿದಿದ್ದರಿಂದ ಹೆಲಿಕಾಪ್ಟರ್‌ನಿಂದ ಪ್ರಯೋಜನವಾಗಲಿಲ್ಲ. ನಾವು ಹದಿನಾಲ್ಕು ಮಂದಿ ಒಂದು ಕಾಫಿ ಗೋದಾಮಿನಲ್ಲಿ ಎರಡು ರಾತ್ರಿ ಕುಳಿತಿದ್ದೆವು. ಮೂರನೆಯ ಬೆಳಿಗ್ಗೆ ಸೈನಿಕರು ನಡೆದೇ ಬಂದರು. ಆದರೆ ಅವರ ಮುಂದೆ ಬರಿಗಾಲಿನಲ್ಲಿ, ಕೈಯಲ್ಲಿ ಕತ್ತಿ ಹಿಡಿದು ಬಂದವನು ನಮ್ಮ ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಹುಡುಗ. ಕೆಸರಿನಲ್ಲಿ ಮೆಟ್ಟಿಲು ಕಡಿಯುತ್ತಾ, ‘ಇಲ್ಲಿ ಒರತೆ ಇದೆ, ಕಾಲಿಡಬೇಡಿ’ ಎಂದು ಕೈಸನ್ನೆಯಲ್ಲೇ ಹಿಂದಿಯವರಿಗೆ ಹೇಳುತ್ತಾ ಬಂದ. ನಮ್ಮ ಅಜ್ಜಿಯನ್ನು ಹೊತ್ತದ್ದು ಸೈನಿಕ, ಸರಿ. ಆದರೆ ಆ ಹುಡುಗ ಇಲ್ಲದಿದ್ದರೆ ಸೈನಿಕ ನಮ್ಮಲ್ಲಿಗೆ ತಲುಪುತ್ತಲೇ ಇರಲಿಲ್ಲ. ಮರುದಿನದ ಪತ್ರಿಕೆಯ ಚಿತ್ರದಲ್ಲಿ ಅವನಿರಲಿಲ್ಲ.

ಅಂದಿನಿಂದ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇದು. ಯುದ್ಧವಿಲ್ಲದ ಕಾಲದಲ್ಲಿ ಸೇನೆಯಿಂದ ನಾವು ನಿಜವಾಗಿ ಏನನ್ನು ಕೇಳಬೇಕು? ಎಷ್ಟನ್ನು ನಾವೇ ಮಾಡಿಕೊಳ್ಳಬೇಕು?

ಮಾಜಿ ಸ್ಯಾಪರ್ (ಬೆಂಗಳೂರು)

ನಾನು ಹಲಸೂರು ಕೆರೆಯ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ತಯಾರಾದ ಸ್ಯಾಪರ್, ಅಂದರೆ ಸೇನೆಯ ಎಂಜಿನಿಯರಿಂಗ್ ದಳದ ಸೈನಿಕ, ನಿವೃತ್ತನಾಗಿ ವರ್ಷಗಳಾದವು. ಪಲ್ಟಣಿನಲ್ಲಿ ನಮಗೆ ಹೇಳಿಕೊಡುತ್ತಿದ್ದ ಮಾತು ಸರಳ: ನಾಗರಿಕ ಆಡಳಿತದ ನೆರವಿಗೆ ಸೇನೆ ಎಲ್ಲರಿಗಿಂತ ಕೊನೆಗೆ ಹೋಗಬೇಕು, ಎಲ್ಲರಿಗಿಂತ ಮೊದಲು ಹಿಂದಿರುಗಬೇಕು. ಪೊಲೀಸ್, ಅಗ್ನಿಶಾಮಕ ದಳ, ರಾಜ್ಯದ ಪಡೆ, ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ಇವರೆಲ್ಲರ ಕೈ ಮೀರಿದಾಗ ನಮ್ಮ ಸರದಿ.

ಆ ‘ಕೈ ಮೀರಿದ್ದು’ ಏನು ಎಂಬುದಕ್ಕೆ ವಯನಾಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿಯಿತು. ಚೂರಲ್‌ಮಲ ಈಚೆ ದಡದಲ್ಲಿ, ಮುಂಡಕ್ಕೈ ಆಚೆ ದಡದಲ್ಲಿ, ನಡುವಿನ ಸೇತುವೆ ಕೊಚ್ಚಿಹೋಗಿತ್ತು. ಜೆಸಿಬಿ, ಆಂಬುಲೆನ್ಸ್ ಎಲ್ಲ ಬಂದು ನಿಂತಿವೆ, ದಾಟಲು ದಾರಿಯಿಲ್ಲ. ಅಲ್ಲಿ ಬೇಕಾಗಿದ್ದದ್ದು ಇನ್ನೂ ಸಾವಿರ ಜನರಲ್ಲ, ಒಂದು ಸೇತುವೆ. ಸಾಮಗ್ರಿಯ ಒಂದು ಪಾಲು ವಿಮಾನದಲ್ಲಿ ಕಣ್ಣೂರಿಗೆ ಇಳಿಯಿತು, ಇನ್ನೊಂದು ಪಾಲು ಬೆಂಗಳೂರಿನಿಂದ ಹೋಯಿತು. ನಮ್ಮ ಮದ್ರಾಸ್ ಸ್ಯಾಪರ್‌ಗಳು ಜುಲೈ 31ರ ರಾತ್ರಿ ಜೋಡಿಸಲು ತೊಡಗಿ ಆಗಸ್ಟ್ 1ರ ಸಂಜೆಗೆ 190 ಅಡಿ ಉದ್ದದ, 24 ಟನ್ ಭಾರ ತಾಳುವ ಬೈಲಿ ಸೇತುವೆಯನ್ನು ನಿಲ್ಲಿಸಿದರು. ಆ ತಂಡದ ಮುಂದಾಳು ಮೇಜರ್ ಸೀತಾ ಶೆಳ್ಕೆ.

(ಕೆಲವು ಕಡೆ ‘ಬೇಲಿ ಸೇತುವೆ’ ಎಂದು ಬರೆದಿದ್ದರು. ಬೇಲಿಗೂ ಇದಕ್ಕೂ ಸಂಬಂಧವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ರೂಪಿಸಿದ ಬ್ರಿಟಿಷ್ ಎಂಜಿನಿಯರ್ ಡೊನಾಲ್ಡ್ ಬೈಲಿ.)

ಈ ಸೇತುವೆಯ ಜಾಣತನ ಹೇಳದೆ ಇರಲಾರೆ. ಒಂದೊಂದು ಪ್ಯಾನಲ್ 10 ಅಡಿ ಉದ್ದ, 5 ಅಡಿ ಎತ್ತರ, ಸುಮಾರು 260 ಕಿಲೋ. ಕ್ರೇನ್ ಬೇಡ, ಆರು ಜನ ಹೆಗಲು ಕೊಟ್ಟರೆ ಎದ್ದೇಳುತ್ತದೆ. ವೆಲ್ಡಿಂಗ್ ಇಲ್ಲ, ಪ್ಯಾನಲ್‌ಗಳ ಕಿವಿಗಳನ್ನು ಸೇರಿಸಿ ಪಿನ್ ಹೊಡೆಯುವುದು ಅಷ್ಟೇ. ಇಡೀ ಸೇತುವೆಯನ್ನು ಒಂದೇ ದಡದಲ್ಲಿ ರೋಲರ್‌ಗಳ ಮೇಲೆ ಕಟ್ಟುತ್ತಾ ಹೋಗಿ, ಮುಂದೆ ಹಗುರವಾದ ಒಂದು ಮೂತಿ ಜೋಡಿಸಿ ನೀರಿನ ಮೇಲೆ ತಳ್ಳುತ್ತಾರೆ. ಹಿಂಭಾರ ಯಾವಾಗಲೂ ಹೆಚ್ಚಿರಬೇಕು, ಲೆಕ್ಕ ತಪ್ಪಿದರೆ ಎಲ್ಲವೂ ಹೊಳೆಗೆ. ಮಳೆಯಲ್ಲಿ, ಜನರೇಟರ್ ದೀಪದಲ್ಲಿ, ಕೈಗೆ ಅಂಟಿದ ಗ್ರೀಸಿನಿಂದ ಪಿನ್ ಜಾರುತ್ತಿರುವಾಗ ಇದನ್ನು ಮಾಡಬೇಕು. ವರ್ಷಗಟ್ಟಲೆ ಒಣ ನೆಲದಲ್ಲಿ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಬೈಸಿಕೊಂಡವರಿಗೆ ಮಾತ್ರ ಸಾಧ್ಯ.

ಇಂಥದ್ದಕ್ಕೆ ನಮ್ಮನ್ನು ಕರೆಯಿರಿ. ಅಕ್ಕಿ ಮೂಟೆ ಹಂಚಲು, ಚರಂಡಿ ಬಿಡಿಸಲು ಕರೆಯಬೇಡಿ.

ಘಟಪ್ರಭೆಯ ದಂಡೆ (ಗೋಕಾಕ)

ಸ್ಯಾಪರ್ ಸಾಹೇಬರಿಗೆ ನಮಸ್ಕಾರ. ನಿಮ್ಮ ಮೇಲೆ ಗೌರವವಿದೆ. ಆದರೆ ‘ಕೊನೆಗೆ ಬರಬೇಕು’ ಎಂಬ ಮಾತು ನೀರು ಎದೆಮಟ್ಟ ಬಂದವನ ಕಿವಿಗೆ ಹೇಗೆ ಕೇಳುತ್ತದೆ ಎಂದು ಒಮ್ಮೆ ಯೋಚಿಸಿ. 2019ರ ಆಗಸ್ಟ್‌ನಲ್ಲಿ ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗ ನಮ್ಮ ಓಣಿಯಲ್ಲಿ ಯಾವ ‘ಮೊದಲ’ ಪಡೆಯೂ ಇರಲಿಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವೇ ಇದೆ. ಕೂಗಳತೆಯಲ್ಲಿರುವವರನ್ನು ಬಿಟ್ಟು ದೂರದಲ್ಲಿರುವ ಎನ್‌ಡಿಆರ್‌ಎಫ್‌ಗೆ ಏಕೆ ಕಾಯಬೇಕು? ನನ್ನ ಮತ ಇಷ್ಟೇ: ಹತ್ತಿರ ಯಾರಿದ್ದಾರೋ ಅವರು ಮೊದಲು.

ಹಾಗೆಂದು ಬಂದವರಿಂದ ಎಲ್ಲವೂ ಆಯಿತೆಂದು ಹೇಳುವುದಿಲ್ಲ. ರಬ್ಬರ್ ದೋಣಿ ಬಂತು, ಮೋಟಾರು ಚೆನ್ನಾಗಿತ್ತು. ಕಬ್ಬಿನ ಹೊಲದ ಮೇಲೆ ಬರುವಾಗ ರವದಿ (ಕಬ್ಬಿನ ಒಣಗರಿ) ಮೋಟಾರಿನ ಪಂಖಕ್ಕೆ ಸುತ್ತಿಕೊಂಡು ನಿಂತೇಹೋಯಿತು. ಹೊಲ ಎಲ್ಲಿ, ಹಳ್ಳ ಎಲ್ಲಿ ಎಂದು ಮೇಲಿನಿಂದ ಹೇಗೆ ಗೊತ್ತಾಗಬೇಕು? ಎಲ್ಲವೂ ಒಂದೇ ಕೆಂಪು ನೀರು. ಕೊನೆಗೆ ಹರಿಗೋಲಿನವರು ಮುಂದೆ ನಿಂತು ಹುಟ್ಟಿನಿಂದ ಆಳ ನೋಡುತ್ತಾ ಕರೆದೊಯ್ದರು.

ಮತ್ತೊಂದು ಫಜೀತಿ ನಮ್ಮ ಕಾಕಾನದು. ದೋಣಿ ಬಾಗಿಲಿಗೆ ಬಂದಿದೆ, ಇವರು ಹತ್ತುವುದಿಲ್ಲ. ‘ಎಮ್ಮೆ ಬಿಟ್ಟು ನಾನು ಬರುವುದಿಲ್ಲ.’ ಸೈನಿಕ ಹಿಂದಿಯಲ್ಲಿ ಗದರಿಸಿದ, ಕೈಮುಗಿದ, ಮತ್ತೆ ಗದರಿಸಿದ. ಎಮ್ಮೆಯ ಕಣ್ಣಿ ಬಿಚ್ಚಿ ನೀರಿಗೆ ಬಿಟ್ಟರೆ ಅದು ತಾನೇ ಈಜಿ ದಿಬ್ಬ ಸೇರುತ್ತದೆ ಎಂದು ಹೇಳಿ ಕಾಕಾನನ್ನು ಒಪ್ಪಿಸಿದ್ದು ಪಕ್ಕದ ಮನೆಯ ಮುದುಕಿ. ಎಮ್ಮೆ ಬದುಕಿತು. ಕಾಕಾ ಕಾಳಜಿ ಕೇಂದ್ರದಲ್ಲಿ ಎಂಟು ದಿನ ಅದರದೇ ಜಪ ಮಾಡಿದರು.

ಕಡತದ ಕೆಲಸ

ನೀವೆಲ್ಲ ಬೈಯುವ ‘ಆಡಳಿತ’ ನಾನೇ. ಕಂದಾಯ ಇಲಾಖೆಯಲ್ಲಿ ಇಪ್ಪತ್ತು ವರ್ಷ ತುಂಬಿದೆ. ಜಿಲ್ಲೆಯ ಹೆಸರು ಬೇಡ.

ಗೋಕಾಕದ ಅಣ್ಣನವರು ತಿಳಿದಂತೆ ‘ಕೊನೆಗೆ’ ಎಂದರೆ ಹತ್ತು ದಿನದ ನಂತರ ಎಂದಲ್ಲ. ಜಿಲ್ಲಾಧಿಕಾರಿ ತಮ್ಮ ಬಳಿಯಿರುವುದು ಸಾಲದು ಎಂದು ಮನವರಿಕೆಯಾದ ಗಳಿಗೆಯಲ್ಲೇ ಹತ್ತಿರದ ಸೇನಾ ನೆಲೆಗೆ ಕೋರಿಕೆ ಕಳುಹಿಸಬಹುದು. ತಡವಾಗುವುದು ನಿಯಮದಿಂದಲ್ಲ, ‘ಸಾಲದು’ ಎಂದು ಒಪ್ಪಿಕೊಳ್ಳಲು ಹಿಂಜರಿಯುವುದರಿಂದ. ಒಪ್ಪಿಕೊಂಡರೆ ತಯಾರಿ ಇರಲಿಲ್ಲವೇ ಎಂಬ ಪ್ರಶ್ನೆ ಬರುತ್ತದಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಬಂದಿದ್ದೇ ಈ ಗೊಂದಲ ತಪ್ಪಿಸಲು. ಅದಕ್ಕೆ ಮೊದಲು 1999ರ ಒಡಿಶಾ ಚಂಡಮಾರುತವಿರಲಿ, 2001ರ ಭುಜ್ ಭೂಕಂಪವಿರಲಿ, 2004ರ ಸುನಾಮಿಯಿರಲಿ, ಸೇನೆಯ ಮೇಲೆಯೇ ಭಾರ ಬೀಳುತ್ತಿತ್ತು. ಭುಜ್‌ನಲ್ಲಿ ವಾಯುನೆಲೆಯೇ ಹಾನಿಗೊಂಡಿತ್ತು, ಕಾರ್ ನಿಕೋಬಾರ್‌ನಲ್ಲಿ ವಾಯುಪಡೆಯವರೂ ಅವರ ಮನೆಯವರೂ ನೂರಕ್ಕೂ ಹೆಚ್ಚು ಮಂದಿ ಸುನಾಮಿಗೆ ಬಲಿಯಾದರು. ನೆರವಿಗೆ ಬರಬೇಕಾದವರೇ ಸಂತ್ರಸ್ತರಾಗಬಹುದು ಎಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಕಾಯ್ದೆಯ ನಂತರ 2006ರಲ್ಲಿ 8 ಬೆಟಾಲಿಯನ್‌ಗಳಿಂದ ಶುರುವಾದ ಎನ್‌ಡಿಆರ್‌ಎಫ್ ಈಗ 16 ಆಗಿದೆ. ದೇಶದ ಅಗಲಕ್ಕೆ 16 ಎಷ್ಟು ಎಂದು ನೀವೇ ಯೋಚಿಸಿ.

ಈಗ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಒಮ್ಮೆ ಹೆಲಿಕಾಪ್ಟರ್ ಇಳಿಸಲು ಶಾಲೆಯ ಮೈದಾನ ಸಿದ್ಧ ಮಾಡಿ ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ದೊಡ್ಡದಾಗಿ ಎಚ್ ಅಕ್ಷರ ಕಾಣಬೇಕು. ಸುಣ್ಣದ ಪುಡಿ ಹಾಕಿದರೆ ಮಳೆಗೆ ತೊಳೆದುಹೋಗುತ್ತಿತ್ತು. ನಾನು ಬುದ್ಧಿವಂತಿಕೆ ಮಾಡಿ ನಾಲ್ಕಾರು ಮನೆಗಳಿಂದ ಬಿಳಿ ಪಂಚೆಗಳನ್ನು ತರಿಸಿ ಹಾಸಿ, ಮೂಲೆಗಳಿಗೆ ಕಲ್ಲಿಟ್ಟೆ. ಬೆಳಿಗ್ಗೆ ಮುಂಚಿತವಾಗಿ ಬಂದ ವಾಯುಪಡೆಯ ಒಬ್ಬರು ನೋಡಿ ಬೆಚ್ಚಿಬಿದ್ದರು. ರೆಕ್ಕೆಯ ಗಾಳಿಗೆ ಬಟ್ಟೆ ಮೇಲೆದ್ದು ಅದಕ್ಕೇ ಸುತ್ತಿಕೊಂಡರೆ ಹೆಲಿಕಾಪ್ಟರೇ ಬೀಳುತ್ತದಂತೆ. ಪಂಚೆಗಳನ್ನೆಲ್ಲ ತೆಗೆಸಿ, ಇಟ್ಟಿಗೆಗಳಿಗೆ ಸುಣ್ಣ ಬಳಿದು ನೆಲದ ಮಟ್ಟಕ್ಕೆ ಹೂಳಿಸಿದರು. ಗಾಳಿಯ ದಿಕ್ಕು ತಿಳಿಯಲು ಹಸಿ ಸೊಪ್ಪಿನ ಹೊಗೆ ಹಾಕಿಸಿದರು. ಮೈದಾನದ ಅಂಚಿನ ವಿದ್ಯುತ್ ತಂತಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅವರ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕಲಿಸಲು ಅರ್ಧ ದಿನ ಸಾಕಿತ್ತು.

ಸೇನೆಯವರು ಬಂದ ತಕ್ಷಣ ನಮ್ಮನ್ನು ಕೇಳುವುದು ಏನು ಗೊತ್ತೇ? ಎಷ್ಟು ಜನ, ಯಾವ ಮನೆ, ಹಾಸಿಗೆ ಹಿಡಿದವರು ಯಾರು, ದಾರಿ ತೋರಿಸಲು ಯಾರು. ಈ ಪಟ್ಟಿ ಅವರ ಬಳಿ ಇರುವುದಿಲ್ಲ, ಗ್ರಾಮ ಆಡಳಿತ ಅಧಿಕಾರಿ ಮತ್ತು ಆಶಾ ಕಾರ್ಯಕರ್ತೆಯ ಬಳಿ ಇರುತ್ತದೆ. ವಯನಾಡಿನಲ್ಲಿಯೂ ಕಾಣೆಯಾದವರ ಪಟ್ಟಿಯನ್ನು ರೇಷನ್ ಕಾರ್ಡ್, ಮತದಾರರ ಪಟ್ಟಿ ಹಿಡಿದು ಕುಳಿತೇ ತಯಾರಿಸಿದ್ದು.

ತೆರಿಗೆದಾರ

ಖರ್ಚಿನ ಮಾತು ಯಾರೂ ಎತ್ತುತ್ತಿಲ್ಲ. ವಾಯುಪಡೆಯ ಹಾರಾಟ ಪುಕ್ಕಟೆಯಲ್ಲ. ಹಳೆಯ ಬಾಕಿಗಳಿಂದ ಹಿಡಿದು ವಯನಾಡಿನವರೆಗಿನ ಹಾರಾಟಕ್ಕೆ 132 ಕೋಟಿ 62 ಲಕ್ಷ ರೂಪಾಯಿ ಕೊಡಿ ಎಂದು 2024ರಲ್ಲಿ ಕೇಂದ್ರವು ಕೇರಳಕ್ಕೆ ಪತ್ರ ಬರೆದದ್ದು, ಅದು ಹೈಕೋರ್ಟಿನಲ್ಲೂ ಪ್ರಸ್ತಾಪವಾದದ್ದು ನೆನಪಿರಲಿ. ‘ಸೇನೆಯನ್ನು ಕರೆಸಿ’ ಎನ್ನುವ ಮುನ್ನ ಬಿಲ್ಲು ಯಾರ ಹೆಸರಿಗೆ ಎಂದು ಕೇಳಿ.

ಘಟಪ್ರಭೆಯ ದಂಡೆ (ಗೋಕಾಕ)

ಮುಳುಗುವವನ ಹತ್ತಿರ ಬಿಲ್ಲಿನ ಮಾತೇ? ಮಹಾರಾಯರೇ, ಸೇನೆಗೂ ಹಣ ಹೋಗುವುದು ನಮ್ಮದೇ ಜೇಬಿನಿಂದ.

ಮಾಜಿ ಸ್ಯಾಪರ್ (ಬೆಂಗಳೂರು)

ಬಿಲ್ಲಿನ ಲೆಕ್ಕ ದೆಹಲಿ, ತಿರುವನಂತಪುರದವರು ನೋಡಿಕೊಳ್ಳಲಿ. ನನ್ನನ್ನು ಕಾಡುವ ಲೆಕ್ಕ ಬೇರೆ. 2013ರ ಉತ್ತರಾಖಂಡದಲ್ಲಿ ವಾಯುಪಡೆ ಸಾವಿರಾರು ಯಾತ್ರಿಕರನ್ನು ಕಣಿವೆಗಳಿಂದ ಹೊರತಂದಿತು. ಜೂನ್ 25ರಂದು ಗೌರಿಕುಂಡದ ಬಳಿ ಒಂದು ಎಂಐ-17 ಹೆಲಿಕಾಪ್ಟರ್ ಬಿತ್ತು. ಒಳಗಿದ್ದ 20 ಮಂದಿಯೂ ಹೋದರು: ವಾಯುಪಡೆಯವರು, ಐಟಿಬಿಪಿಯವರು (ಇಂಡೋ-ಟಿಬೆಟನ್ ಗಡಿ ಪೊಲೀಸರು), ಎನ್‌ಡಿಆರ್‌ಎಫ್‌ನವರು. ಹೆಲಿಕಾಪ್ಟರ್ ಏಕೆ ಇನ್ನೂ ಬಂದಿಲ್ಲ ಎಂದು ಟಿವಿ ಮುಂದೆ ಕುಳಿತು ಕೇಳುವವರು ಆ ಕಣಿವೆಯಲ್ಲಿ ಮೋಡ ಹೇಗೆ ಮುಚ್ಚಿಕೊಳ್ಳುತ್ತದೆ ಎಂದು ಒಮ್ಮೆ ನೋಡಬೇಕು.

ಇನ್ನೊಂದು ಸಿಟ್ಟು ಹೊರಹಾಕಿಬಿಡುತ್ತೇನೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮೊದಲು ದೆಹಲಿಯ ಕ್ರೀಡಾಂಗಣದ ಬಳಿ ಪಾದಚಾರಿ ಸೇತುವೆ ಕುಸಿಯಿತು, ಕರೆಯಿರಿ ಸೇನೆಯನ್ನು. 2017ರಲ್ಲಿ ಮುಂಬೈಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದಲ್ಲಿ ಕಾಲ್ತುಳಿತವಾಯಿತು, ಮೇಲ್ಸೇತುವೆ ಕಟ್ಟಲು ಕರೆಯಿರಿ ಸೇನೆಯನ್ನು. ಅದು ವಿಪತ್ತು ಪರಿಹಾರವಲ್ಲ, ಗುತ್ತಿಗೆದಾರನ ಕೆಲಸ. ಗಡಿಗೆಂದು ಇಟ್ಟ ಸೇತುವೆ ಸಾಮಗ್ರಿಯನ್ನು ಊರಿನ ಜನ ಓಡಾಡಲು ಹಾಕಿದರೆ ಅದು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಹುಡುಗರು ಹೋಗಿ ಚೆನ್ನಾಗಿಯೇ ಕಟ್ಟುತ್ತಾರೆ, ಶಿಸ್ತಿಗೆ ಬಿದ್ದವರು ಇಲ್ಲ ಎನ್ನುವುದಿಲ್ಲ. ಇಲ್ಲ ಎನ್ನದವರ ಮೇಲೆ ಎಲ್ಲವನ್ನೂ ಹೇರುವುದು ಮನೆಯ ದೊಡ್ಡ ಸೊಸೆಗೆ ಮಾಡಿದ ಹಾಗೆ.

ಅಂಕೋಲೆಯವ

ದೊಡ್ಡ ಸೊಸೆಯ ಮಾತು ಓದಿ ನಗು ಬಂತು, ಆಮೇಲೆ ಬರಲಿಲ್ಲ. ನಮ್ಮ ಶಿರೂರಿನ ಗುಡ್ಡ ಕುಸಿದದ್ದು ವಯನಾಡಿಗೆ ಎರಡು ವಾರ ಮೊದಲು, 2024ರ ಜುಲೈ 16ರಂದು. ಹೆದ್ದಾರಿ 66ರ ಪಕ್ಕದ ಚಹಾ ಅಂಗಡಿ, ನಿಂತಿದ್ದ ಲಾರಿಗಳು, ಎಲ್ಲವೂ ಗಂಗಾವಳಿ ನದಿಗೆ. ಕೇರಳದ ಒಬ್ಬ ಲಾರಿ ಚಾಲಕನೂ ಅದರಲ್ಲಿದ್ದುದರಿಂದ ಅಲ್ಲಿನ ವಾಹಿನಿಗಳೆಲ್ಲ ನಮ್ಮ ಊರಿನಲ್ಲೇ ಬಿಡಾರ ಹೂಡಿದವು. ದಿನವೂ ಒಂದೇ ಪ್ರಶ್ನೆ: ಸೇನೆ ಏಕಿಲ್ಲ?

ಕಾರವಾರದಲ್ಲಿ ನೌಕಾನೆಲೆಯೇ ಇದೆ. ಮುಳುಗುಗಾರರು ಬಂದರು. ಜುಲೈ 21ಕ್ಕೆ ಬೆಳಗಾವಿಯಿಂದ ಸೇನೆಯೂ ಬಂತು, ಮಣ್ಣಿನೊಳಗಿನ ಲೋಹ ಪತ್ತೆ ಮಾಡುವ ಉಪಕರಣಗಳು ಬಂದವು. ಆದರೆ ಜುಲೈ ತಿಂಗಳ ಗಂಗಾವಳಿಗೆ ಸಮವಸ್ತ್ರದ ಪರಿಚಯವಿಲ್ಲ. ಸೆಳವಿಗೆ ಮುಳುಗುಗಾರರು ಇಳಿಯಲಾಗದೆ ದಿನಗಟ್ಟಲೆ ದಡದಲ್ಲೇ ಕಾದರು. ಕಡೆಗೆ ಗೋವಾದಿಂದ ಹೂಳೆತ್ತುವ ಹಡಗು ಬಂದ ಮೇಲೆ ಆ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಆ ಹೊತ್ತಿಗೆ ನದಿ ಇಳಿದಿತ್ತು.

ಸೇನೆ ಬಂದರೂ ಆಗದ ಕೆಲಸಗಳಿವೆ ಎಂದು ನಾವು ಕಣ್ಣಾರೆ ಕಂಡೆವು. ಗುಡ್ಡವನ್ನು ಕಡಿದ ರೀತಿಯ ಬಗ್ಗೆ ಕೇಳಬೇಕಾಗಿದ್ದ ಪ್ರಶ್ನೆಗಳು ‘ಸೇನೆ ಏಕಿಲ್ಲ’ ಎಂಬ ಗದ್ದಲದಲ್ಲಿ ಮುಚ್ಚಿಹೋದವು. ನನಗೆ ಹೆಚ್ಚು ನೋವಾದದ್ದು ಅದು.

ಓಸಾಕಾ ನಿವಾಸಿ

ಹದಿನೈದು ವರ್ಷದಿಂದ ಜಪಾನಿನಲ್ಲಿದ್ದೇನೆ. ಇಲ್ಲಿ ಈ ಚರ್ಚೆ ಬಹಳ ಹಳೆಯದು. 1995ರ ಜನವರಿ 17ರ ಬೆಳಗಿನ ಜಾವ ಕೋಬೆ ಭೂಕಂಪವಾದಾಗ ಸ್ವರಕ್ಷಣಾ ಪಡೆಗಳು (ಇಲ್ಲಿನ ಸೇನೆಗೆ ಇದೇ ಹೆಸರು) ಹೊರಡಲು ಪ್ರಾಂತ್ಯದ ಗವರ್ನರ್ ಕೋರಿಕೆ ಬೇಕಿತ್ತು. ಸಂಪರ್ಕವೇ ಕಡಿದಿತ್ತು. ಆ ಕೋರಿಕೆ ಹೋಗುವಷ್ಟರಲ್ಲಿ ಕೆಲವು ಗಂಟೆಗಳು ಕಳೆದವು, ಮನೆಗಳು ಉರಿಯುತ್ತಿದ್ದವು. ಜನ ಇದನ್ನು ಕ್ಷಮಿಸಲಿಲ್ಲ, ಆಮೇಲೆ ನಿಯಮ ಸಡಿಲವಾಯಿತು. 2011ರ ಸುನಾಮಿಯಲ್ಲಿ ಸುಮಾರು ಒಂದು ಲಕ್ಷ ಸಿಬ್ಬಂದಿಯನ್ನು ಇಳಿಸಿದರು. ಹೀಗಾಗಿ ಗೋಕಾಕದ ಅಣ್ಣ ಹೇಳುವುದರಲ್ಲಿ ಹುರುಳಿದೆ.

ಆದರೆ ಅದೇ ಕೋಬೆಯ ಇನ್ನೊಂದು ಮುಖ: ಅವಶೇಷಗಳ ಅಡಿಯಿಂದ ಜೀವಂತವಾಗಿ ಹೊರಬಂದವರಲ್ಲಿ ಬಹುಪಾಲು ಮಂದಿಯನ್ನು ಎಳೆದದ್ದು ಮನೆಯವರು ಮತ್ತು ನೆರೆಹೊರೆಯವರು. ಅದನ್ನು ಅವರು ಮರೆತಿಲ್ಲ. ನಮ್ಮ ಓಣಿಯ ಮೂಲೆಯಲ್ಲಿ ಒಂದು ಸಣ್ಣ ತಗಡಿನ ಕೊಠಡಿ ಇದೆ. ಒಳಗೆ ಹಾರೆ, ಜಾಕ್, ಗರಗಸ, ಸ್ಟ್ರೆಚರ್, ಹಗ್ಗ. ವರ್ಷಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ತೆಗೆದು, ಒರೆಸಿ, ಎಣಿಸಿ ಇಡುತ್ತೇವೆ. ಎಪ್ಪತ್ತೆಂಟು ವರ್ಷದ ನಮ್ಮ ನೆರೆಯವರು ನನಗೆ ಜಾಕ್ ಹಾಕಲು ಕಲಿಸಿದರು. ನಾನು ಮೆಕ್ಯಾನಿಕಲ್ ಎಂಜಿನಿಯರ್ ಎಂದು ಹೇಳುವ ಧೈರ್ಯವಾಗಲಿಲ್ಲ.

ಕಡತದ ಕೆಲಸ

ಓಸಾಕಾದವರ ತಗಡಿನ ಕೊಠಡಿ ನೋಡಿ ಹೊಟ್ಟೆಯುರಿಯಿತು. ನಮ್ಮಲ್ಲೂ ಕಾಗದದ ಮೇಲೆ ಇದೆ. ‘ಆಪದ ಮಿತ್ರ’ ಎಂದು ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಕಿಟ್ ಕೊಡುವ ಯೋಜನೆ ಇದೆ. ತರಬೇತಿ ಪಡೆದ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರು ಸೇರುತ್ತಾರೆ, ಕಿಟ್ ಊರಿನಲ್ಲಿ ಉಳಿಯುತ್ತದೆ. ಯಾರನ್ನು ದೂರಲಿ?

ಮಾಜಿ ಸ್ಯಾಪರ್ (ಬೆಂಗಳೂರು)

2018ರಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಬಂದರಲ್ಲ, ಆರುನೂರಕ್ಕೂ ಹೆಚ್ಚು ದೋಣಿಗಳು, ಅದನ್ನು ನೋಡಿ ನಮ್ಮ ಹಳೆಯ ಗೆಳೆಯರ ಗುಂಪಿನಲ್ಲಿ ಎಲ್ಲರೂ ಸುಮ್ಮನಾದೆವು. ಯಾವ ಕೋರಿಕೆ, ಯಾವ ಕಡತ? ದಿನವೂ ದೋಣಿ ಓಡಿಸುವವನ ಕೈಗೆ ಅಭ್ಯಾಸ ಇರುತ್ತದೆ, ಮೋಟಾರಿಗೂ ಇರುತ್ತದೆ. ಪೆಟ್ಟಿಗೆಯಲ್ಲಿಟ್ಟ ಮೋಟಾರು ಬೇಕಾದಾಗ ಓಡುವುದಿಲ್ಲ, ಅದು ಸೇನೆಯದಾದರೂ ಅಷ್ಟೇ. ಅದಕ್ಕೇ ನಾವು ವಾರಕ್ಕೊಮ್ಮೆಯಾದರೂ ಚಾಲೂ ಮಾಡಿ ನೋಡುತ್ತಿದ್ದೆವು.

ಕಾಫಿ ಕಣದವರೇ, ಈ ಚರ್ಚೆ ಶುರು ಮಾಡಿದವರು ನೀವು. ಒಂದು ಕೆಲಸ ಮಾಡಿ. ನಿಮ್ಮ ತಾಲ್ಲೂಕಿನಲ್ಲಿ ಮೂರು ಪ್ರಶ್ನೆ ಕೇಳಿಕೊಂಡು ಬನ್ನಿ: ದೋಣಿ ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ, ಮೋಟಾರನ್ನು ಕೊನೆಯ ಬಾರಿ ಚಾಲೂ ಮಾಡಿದ್ದು ಯಾವಾಗ.

ಘಟಪ್ರಭೆಯ ದಂಡೆ (ಗೋಕಾಕ)

ನಾನೂ ಕೇಳುತ್ತೇನೆ. ಆದರೆ ಒಂದು ಮಾತು, ಉತ್ತರ ಏನೇ ಬರಲಿ, ಮುಂದಿನ ಬಾರಿ ನೀರು ಬಂದರೆ ನಾನು ಮೊದಲು ಬೆಳಗಾವಿಯ ಕಡೆಗೇ ನೋಡುವವನು.

ಕಾಫಿ ಕಣ (ಮಡಿಕೇರಿ ತಾಲ್ಲೂಕು)

ಹೋಗಿ ಬಂದೆ, ಸ್ಯಾಪರ್ ಸರ್. ಒಂದು ಕಚೇರಿಯಲ್ಲಿ ಇನ್ನೊಂದು ಕಚೇರಿಗೆ ಹೋಗಿ ಎಂದರು. ಎರಡನೆಯದರಲ್ಲಿ ಒಬ್ಬ ಹಿರಿಯ ಗುಮಾಸ್ತರು ತಾಳ್ಮೆಯಿಂದ ರಿಜಿಸ್ಟರ್ ತೆಗೆದು ತೋರಿಸಿದರು. ದೋಣಿ ಇದೆ, ಸಾಲಿನಲ್ಲಿ ನಮೂದಾಗಿದೆ, ಜೊತೆಗೆ ಲೈಫ್ ಜಾಕೆಟ್ 12, ಹಗ್ಗ ಎರಡು ಸುರುಳಿ. ಹಿತ್ತಲಿನ ಶೆಡ್ಡಿನಲ್ಲಿ ಇಟ್ಟಿದ್ದಾರೆ. ಬಾಗಿಲ ಸಂದಿನಿಂದ ಇಣುಕಿ ನೋಡಿದೆ, ಕಿತ್ತಳೆ ಬಣ್ಣದ ಮೂಲೆಯೊಂದು ಕಂಡಿತು, ಅದರ ಮೇಲೆ ಹಳೆಯ ಚುನಾವಣಾ ಪೆಟ್ಟಿಗೆಗಳು. ಮೋಟಾರಿನ ವಿಷಯ ರಿಜಿಸ್ಟರಿನಲ್ಲಿ ಬರೆದಿಲ್ಲ.

ಬೀಗದ ಕೈ ಇಟ್ಟುಕೊಂಡವರು ರಜೆಯ ಮೇಲಿದ್ದಾರೆ. ಸೋಮವಾರ ಬನ್ನಿ ಎಂದರು. ನಮ್ಮ ಲೈನ್‌ಮನೆಯ ಹುಡುಗನನ್ನೂ ಕರೆದುಕೊಂಡು ಹೋಗುತ್ತೇನೆ. ಅವನಿಗೆ ಈಗ ಮದುವೆಯಾಗಿದೆ, ಆದರೂ ಊರು ಬಿಟ್ಟಿಲ್ಲ.